ಓಬವ್ವನ ಹಾಡಿಗೊಂದು ಇಂಗ್ಲಿಷ್ ಹೆಸರು

ಸೊಕ್ಕೆ ಊರಿನ ಕಡೆ ಹೊಲದಲ್ಲಿ ಕಳೆ ಹೆಚ್ಚಿತೆಂದರೆ ಜನ ಮೊದಲು ಕೇಳುವುದು ಓಬವ್ವನಿಗೆ ಪುರುಸೊತ್ತು ಇದೆಯಾ ಎಂದು. ಅವಳೊಬ್ಬಳು ಒಪ್ಪಿದರೆ ಹನ್ನೆರಡು ಹೆಂಗಸರು ಒಪ್ಪಿದಂತೆ. ವಯಸ್ಸು ಅರವತ್ತಮೂರಾದರೂ ಸಾಲಿನ ಮುಂದಿನ ಜಾಗ ಇನ್ನೂ ಅವಳದೇ. ಅವಳು ಒಂದು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ಹಿಂದಿರುಗಿಸಿ ಹಾಡುತ್ತಾರೆ, ಕುಡುಗೋಲುಗಳು ಆ ಲಯಕ್ಕೆ ಆಡುತ್ತವೆ.

ಹಾಡಿದರೆ ಕೆಲಸ ಜೋರಾಗಿ ಸಾಗುತ್ತದೆಂದು ಹೊಲದವರ ಲೆಕ್ಕ. ಪಾಪ, ಅವರಿಗೆ ಅರ್ಧವೇ ಗೊತ್ತು. ಸಾಲಿನಲ್ಲಿ ಬಸುರಿಯೊಬ್ಬಳೋ ಮಂಡಿನೋವಿನವಳೊಬ್ಬಳೋ ಹಿಂದೆ ಬಿದ್ದರೆ ಓಬವ್ವ ತಿರುಗಿ ನೋಡುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಹಾಡನ್ನು ಎಳೆಯುತ್ತಾಳೆ, ಅಷ್ಟೇ. "ಸಾಲು ಹಿಡಿಯೇ ತಂಗಿ ಸಾವಕಾಶ" ಎಂಬ ಒಂದೇ ಸೊಲ್ಲು ಎರಡರಷ್ಟು ಉದ್ದವಾಗುತ್ತದೆ, ಹನ್ನೆರಡು ಕೈಗಳೂ ನಿಧಾನವಾಗುತ್ತವೆ, ಹಿಂದುಳಿದವಳು ಬಂದು ಸಾಲು ಸೇರುತ್ತಾಳೆ. ಬದುವಿನ ಮೇಲೆ ನಿಂತ ಯಜಮಾನನಿಗೆ ಬೈಯಲು ಯಾರೂ ಸಿಗುವುದಿಲ್ಲ. ನಲವತ್ತೊಂಬತ್ತು ವರ್ಷಗಳಲ್ಲಿ ಅವಳ ಸಾಲಿನ ಒಬ್ಬ ಹೆಂಗಸೂ ನಿಧಾನ ಎನ್ನಿಸಿಕೊಂಡು ಅರ್ಧ ಕೂಲಿಗೆ ಮನೆಗೆ ಹೋಗಿಲ್ಲ. ಇಂಥ ನಾಯಕತ್ವವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನಾ ಕಾಣೆ.

ಕಾಲೇಜಿನಲ್ಲಿ ಕಲಿಸುವವಳು ಅಂಬಿಕಾ. ಓಬವ್ವನ ಅಕ್ಕನ ಮಗಳು. ನಾಲ್ಕು ವರ್ಷದವಳಿದ್ದಾಗ ಹೆತ್ತವಳು ತೀರಿಕೊಂಡಳು. ಅಂದಿನಿಂದ ಸಾಕಿ ಓದಿಸಿದ್ದು ಚಿಕ್ಕವ್ವನೇ. ಈಗ ಚನ್ನಗಿರಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ಹೋದ ಮಳೆಗಾಲದಲ್ಲಿ ಊರಿಗೆ ಬಂದವಳು ಬುತ್ತಿ ಕೊಡಲು ಶೇಂಗಾ ಹೊಲಕ್ಕೆ ಹೋಗಿ, ಬದುವಿನ ಮೇಲೆ ಒಂದು ತಾಸು ನಿಂತೇ ಇದ್ದಳು. ಆ ಹಾಡನ್ನು ಬೆನ್ನು ತಿರುಗಿಸದೆ ಅವಳು ಕೇಳಿದ್ದು ಅದೇ ಮೊದಲು. ಇದನ್ನು ರೆಕಾರ್ಡ್ ಮಾಡಿಸಿ ನಾಲ್ಕು ಜನಕ್ಕೆ ಕೇಳಿಸಲೇಬೇಕೆಂದು ಹಟ ಹಿಡಿದಳು. ಚಿಕ್ಕವ್ವ ಆರು ತಿಂಗಳು ಸತಾಯಿಸಿ, ಕೊನೆಗೆ ಜಗಳೂರಿನಲ್ಲೊಂದು, ದಾವಣಗೆರೆಯಲ್ಲೊಂದು ಬಸ್ಸು ಬದಲಾಯಿಸಿ ಚನ್ನಗಿರಿಗೆ ಬಂದಿಳಿದಳು.

ರಂಗನಾಥನ ಸ್ಟುಡಿಯೋ ಇರುವುದು ಅಡಿಕೆ ಅಂಗಡಿಯೊಂದರ ಮಹಡಿಯ ಮೇಲೆ. ಭಜನೆ ತಂಡಗಳು, ಆಟೋದಲ್ಲಿ ಕೂಗುವ ಜಾಹೀರಾತುಗಳು ಅವನ ದಿನದ ಗಿರಾಕಿ. ಓಬವ್ವನ ಕಿವಿಗೆ ಹೆಡ್‌ಫೋನ್ ಹಾಕಿ, ತಾಳಕ್ಕೆ ಟಿಕ್ ಟಿಕ್ ಎನ್ನುವ ಸದ್ದು ಬಿಟ್ಟ. ಅವಳು ಎರಡು ಸೊಲ್ಲು ಹಾಡಿ ಅದನ್ನು ತೆಗೆದಿಟ್ಟಳು. ಇದು ಯಾರ ಕೈ, ಇದಕ್ಕೆ ಸುಸ್ತೇ ಆಗಲ್ವಾ ಎಂದು ಕೇಳಿದಳು. ರಂಗನಾಥ ನಕ್ಕ. ಓಬವ್ವ ಎದ್ದು ಗಾಜಿನ ಕಿಟಕಿಯ ಬಳಿ ಹೋದಳು. ಕೆಳಗೆ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಆರಿಸುತ್ತಿದ್ದರು. ಮೈಕನ್ನು ಕಿಟಕಿಯ ಬಳಿಗೇ ತರಿಸಿಕೊಂಡು, ಆ ಕೈಗಳನ್ನು ನೋಡುತ್ತಾ ಒಂದೇ ಸಮನೆ ನಲವತ್ತು ನಿಮಿಷ ಹಾಡಿದಳು. ಅವರಿಗೆ ಇವಳ ದನಿ ಕೇಳುತ್ತಿರಲಿಲ್ಲ, ಆದರೂ ಅವರ ಕೈಯ ನಡೆ ಇವಳ ಹಾಡಿನಲ್ಲಿತ್ತು. ಹತ್ತು ವರ್ಷದಿಂದ ಈ ಕಸುಬಿನಲ್ಲಿರುವ ರಂಗನಾಥ ಕಣ್ಣೊರೆಸಿಕೊಂಡದ್ದನ್ನು ಅಂಬಿಕಾ ನೋಡಿದಳು.

ಎಡವಟ್ಟಾದದ್ದು ಆಮೇಲೆ. ಚಹಾ ಕುಡಿಯುವಾಗ ರಂಗನಾಥ ಕಂಪ್ಯೂಟರಿನಲ್ಲಿ ಆಲ್ಬಮ್ಮಿನ ಮುಖಚಿತ್ರ ತೋರಿಸಿದ. ಓಬವ್ವನ ಫೋಟೋ, ಅದರ ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳು. ಏನದು ಎಂದು ಚಿಕ್ಕವ್ವ ಕೇಳಿದಾಗ ಅಂಬಿಕಾ ಹೆಮ್ಮೆಯಿಂದಲೇ ಓದಿದಳು: ಬೆಟರ್ ಲೇಟ್ ದ್ಯಾನ್ ನೆವರ್. ಇಂಗ್ಲಿಷಿನವರ ನಾಣ್ಣುಡಿ, ಆಗದೇ ಉಳಿಯುವುದಕ್ಕಿಂತ ತಡವಾಗಿ ಆದರೂ ಒಳ್ಳೆಯದು ಎಂದರ್ಥ, ಈ ವಯಸ್ಸಿನಲ್ಲಿ ಮೊದಲ ಆಲ್ಬಮ್ ಬರುತ್ತಿದೆಯಲ್ಲ ಎಂದು ಬಿಡಿಸಿ ಹೇಳಿದಳು.

ಓಬವ್ವ ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ತಡ ಆಗಿದ್ದು ಯಾರಿಗೆ ಅಂಬೀ? ನಾನು ಹದಿನಾಲ್ಕಕ್ಕೇ ಹಾಡಾಕೆ ನಿಂತೋಳು. ಒಂದು ವರ್ಷನೂ ಬಿಟ್ಟಿಲ್ಲ. ಈ ಮಾತು ನನ್ನ ಮುಖದ ಕೆಳಗಿದ್ರೆ ಹಾಡು ಹೊರಗೆ ಬಿಡಬ್ಯಾಡ್ರಿ. ಹೊಲದಾಗೇ ಇರ್ಲಿ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಚಿಕ್ಕವ್ವ ಒಮ್ಮೆ ಬೇಡ ಎಂದರೆ ಮುಗಿಯಿತು ಎಂಬುದು ಅಂಬಿಕಾಳಿಗೆ ಗೊತ್ತು. ಆರು ತಿಂಗಳ ಆಸೆ ಕೈಜಾರುತ್ತಿತ್ತು. ಬೇರೆ ಹೆಸರು ಇಟ್ಟರಾಯಿತು ಬಿಡಿ ಮೇಡಂ ಎಂದು ರಂಗನಾಥ ಹೇಳುತ್ತಿದ್ದ. ಅವಳ ಕಿವಿಗೆ ಅದು ಬೀಳಲೇ ಇಲ್ಲ. ತಡ ಆಗಿದ್ದು ಯಾರಿಗೆ ಎಂಬ ಪ್ರಶ್ನೆ ನೆಟ್ಟಗೆ ಅವಳಿಗೇ ತಾಗಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗೆಳತಿಯರ ಜೊತೆ ಸಾಲೆಯಿಂದ ಬರುವಾಗ ದಾರಿ ಪಕ್ಕದ ಹೊಲದಿಂದ ಈ ದನಿ ಕೇಳಿತ್ತು. ಯಾರೇ ಅದು, ಎಷ್ಟು ಚೆನ್ನಾಗಿ ಹಾಡ್ತಾರೆ ಎಂದು ಒಬ್ಬಳು ಕೇಳಿದಾಗ, ಕೂಲಿಯವಳ ಮಗಳು ಎನ್ನಿಸಿಕೊಳ್ಳಲು ನಾಚಿ, ನಂಗೊತ್ತಿಲ್ಲ ಎಂದುಬಿಟ್ಟಿದ್ದಳು. ಇಪ್ಪತ್ತೈದು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಅಡಿಕೆ ಅಂಗಡಿಯ ಮಹಡಿಯ ಮೇಲೆ, ರಂಗನಾಥನ ಎದುರಿಗೇ, ತಡವರಿಸುತ್ತಾ ಹೇಳಿದಳು.

"ನಂಗೆ ಗೊತ್ತೈತೆ ಬಿಡು," ಎಂದಳು ಓಬವ್ವ. "ಅವತ್ತು ಗಾಳಿ ನಮ್ಮ ಕಡಿಗೇ ಬೀಸ್ತಿತ್ತು."

ಅಂಬಿಕಾ ತಲೆ ತಗ್ಗಿಸಿದಳು. ಇಷ್ಟು ವರ್ಷ ಗೊತ್ತಿದ್ದೂ ಈ ಹೆಂಗಸು ಬುತ್ತಿ ಕಟ್ಟಿದ್ದಾಳೆ, ಫೀಸು ಕಟ್ಟಿದ್ದಾಳೆ, ಕೆಲಸ ಸಿಕ್ಕ ದಿನ ಊರಿಗೆಲ್ಲ ಸಕ್ಕರೆ ಹಂಚಿದ್ದಾಳೆ. ಒಂದು ದಿನವೂ ಆ ಮಾತು ಎತ್ತಿಲ್ಲ. ಅಂಬಿಕಾಳಿಗೆ ಅಳು ಬಂತು. ಆ ಹೆಸರನ್ನು ಅಳಿಸಿಬಿಡಿ ಎಂದು ರಂಗನಾಥನಿಗೆ ಹೇಳಿದಳು.

ಓಬವ್ವ ತಡೆದಳು. "ಅಳಿಸಬ್ಯಾಡ್ರಿ. ಮಾತು ಸುಳ್ಳಲ್ಲ, ಒಳ್ಳೇ ಮಾತೇ. ನನ್ನ ಮುಖದ ಕೆಳಗೆ ಐತಲ್ಲ, ಅದು ಸುಳ್ಳು. ಯಾರ ಮಾತೋ ಅವರ ಬಾಯಾಗೇ ಬರ್ಲಿ."

ಮುಖಚಿತ್ರದ ಮೇಲೆ ಓಬವ್ವ, ಸೊಕ್ಕೆ ಎಂದಷ್ಟೇ ಉಳಿಯಿತು. ಇಂಗ್ಲಿಷ್ ನಾಣ್ಣುಡಿ ಆಲ್ಬಮ್ಮಿನ ಮೊದಲ ತುಣುಕಿನ ಹೆಸರಾಯಿತು. ಅದರಲ್ಲಿ ಹಾಡಿಲ್ಲ. ದಿನಾ ಎಂಬತ್ತು ಹುಡುಗರ ಮುಂದೆ ಮಾತಾಡುವ ಅಂಬಿಕಾ ಮೈಕಿನ ಮುಂದೆ ನಿಂತು, ಮೊದಲು ಕಾಲೇಜಿನ ಕನ್ನಡದಲ್ಲಿ ಶುರು ಮಾಡಿ, ಎರಡು ಸಲ ತಡೆದು ನಿಂತಳು. ಮೂರನೇ ಸಲ ಊರಿನ ಮಾತೇ ಬಂತು.

"ನಾನು ಅಂಬಿಕಾ. ಈಗ ಹಾಡೋಳು ನಮ್ಮ ಚಿಕ್ಕವ್ವ. ನಲವತ್ತೊಂಬತ್ತು ವರ್ಷದಿಂದ ಹಾಡ್ಕಂತ ಬಂದಾಳೆ. ನಾನು ಈಗ ಕೇಳಾಕೆ ಬಂದೀನಿ."