ನಿಲ್ಲುವವರ ಕಂಬಿಯ ಕಂದು ಮಫ್ಲರ್

ಒಪೆರಾದಲ್ಲಿ ನಿಂತು ನೋಡುವವರ ಟಿಕೆಟ್ಟನ್ನು ಈಗ ಮನೆಯಲ್ಲೇ ಕೂತು ಫೋನಿನಲ್ಲಿ ತೆಗೆಯಬಹುದು. ಲೆನಿ ಹಾಸ್ಲಿಂಗರ್‌ಗೆ ಇದು ಒಂಚೂರೂ ಹಿಡಿಸಿಲ್ಲ. ಎಪ್ಪತ್ತೈದು ದಾಟಿದ ಹೆಂಗಸು, ಮೊಣಕಾಲು ಎರಡೂ ಮುಷ್ಕರ ಹೂಡಿವೆ. ಮೂರು ಗಂಟೆ ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ ಎಂದು ಸಂತೋಷಪಡಬೇಕಾದವಳು. ಆದರೆ ನಮ್ಮ ವಿಯೆನ್ನಾದವರು ಒಳ್ಳೆಯದಾದರೂ ಗೊಣಗುತ್ತಾರೆ, ಕೆಟ್ಟದ್ದಾದರೂ ಗೊಣಗುತ್ತಾರೆ. ಲೆನಿ ಹುಟ್ಟಿದ್ದು ವಿಯೆನ್ನಾದಲ್ಲಲ್ಲ, ಆದರೆ ಗೊಣಗುವುದನ್ನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಕಲಿತಳು. ಕಲಿಸಿದವರು ಪ್ರೊಹಾಸ್ಕಾ.

ಅದು ಸಾವಿರದ ಒಂಬೈನೂರ ಅರವತ್ತೇಳನೇ ಇಸವಿ. ಲೆನಿಗೆ ಹತ್ತೊಂಬತ್ತು ವರ್ಷ. ಉತ್ತರದ ಗಸಗಸೆ ಹೊಲಗಳ ಊರಿನಿಂದ ನಾಟಕಶಾಸ್ತ್ರ ಓದುತ್ತೇನೆ ಎಂದು ಹೊರಟು ಬಂದಿದ್ದಳು. ಅವಳ ಅಪ್ಪನಿಗೆ ನಾಟಕ ಎಂದರೆ ಸಂತೆಯಲ್ಲಿ ದನ ಮಾರುವವನು ಮಾಡುವುದು. ಅದಕ್ಕೊಂದು ಶಾಸ್ತ್ರ ಬೇರೆ ಇದೆ ಎಂಬುದು ಅವನಿಗೆ ನಂಬುವ ಮಾತಾಗಿರಲಿಲ್ಲ. "ಒಂದು ವರ್ಷ ನೋಡು. ನಿನ್ನ ಕೈಲಾಗಲ್ಲ ಅಂತ ಅವರೇ ಹೇಳಿದ್ರೆ ಸುಮ್ನೆ ವಾಪಸ್ ಬಾ, ಚಿಕ್ಕಮ್ಮನ ಬೇಕರಿ ಇದೆ," ಎಂದು ರೈಲು ಹತ್ತಿಸಿದ್ದ. ಲೆನಿ ಕಿಟಕಿಗೆ ಹಣೆ ಒತ್ತಿಕೊಂಡು, ಸತ್ತರೂ ಆ ಬೇಕರಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಿದ್ದಳು.

ಪಾಠ ಹೇಳುವವರು ಡಾಕ್ಟರ್ ಲಿಂಡ್ನರ್. ಕಡ್ಡಿಯ ಹಾಗಿದ್ದ ಹೆಂಗಸು, ಮಾತೂ ಅಷ್ಟೇ ಸಣ್ಣದು. ಮೊದಲ ದಿನವೇ ಕೆಲಸ ಹಚ್ಚಿದರು. ಊರಿನ ಕಲೆಯನ್ನು ಇಪ್ಪತ್ತು ಸಲ ಹೋಗಿ ನೋಡಬೇಕು. ಒಪೆರಾ, ನಾಟಕ, ಚಿತ್ರಶಾಲೆ, ಯಾವುದಾದರೂ ಸರಿ. ಪ್ರತಿ ಸಲಕ್ಕೂ ಒಂದೊಂದು ಪುಟ ಬರೆಯಬೇಕು. ಕಂಡದ್ದು, ಕೇಳಿದ್ದು, ಅದು ಯಾಕೆ ಹಾಗಿತ್ತು ಎನ್ನುವುದು.

"ಚೆಂದ ಅನ್ನೋ ಪದ ಎಲ್ಲಾದ್ರೂ ಕಂಡ್ರೆ ಕೆಂಪು ಗೀರು," ಎಂದರು. "ಚೆಂದ ಅಂತ ಹೇಳೋಕೆ ಕಾಲೇಜು ಬೇಕಾಗಿಲ್ಲ."

ಲೆನಿಯ ಹತ್ತಿರ ಇದ್ದ ಪದವೇ ಅದೊಂದು.

ಮೊದಲ ಸಂಜೆ ಒಪೆರಾಕ್ಕೆ ಹೋಗಿ, ಮಧ್ಯಾಹ್ನದಿಂದ ಸಾಲಿನಲ್ಲಿ ನಿಂತು, ಬಾಗಿಲು ತೆಗೆದೊಡನೆ ಎಲ್ಲರ ಜೊತೆ ಮೆಟ್ಟಿಲು ಹತ್ತಿ ಓಡಿ, ದಾರಿ ತಪ್ಪಿ, ಎಲ್ಲರಿಗಿಂತ ತಡವಾಗಿ ತುತ್ತತುದಿಯ ಗ್ಯಾಲರಿ ಸೇರಿದಳು. ಅಲ್ಲಿ ಕುರ್ಚಿಗಳಿಲ್ಲ, ಒರಗಿಕೊಳ್ಳಲು ಉದ್ದಕ್ಕೂ ಕಂಬಿಗಳು. ಕಂಬಿಗಳ ತುಂಬ ಯಾರ್‍ಯಾರದೋ ಮಫ್ಲರುಗಳು, ಕೈಚೌಕಗಳು, ಒಂದು ಕಡೆ ಪ್ಯಾಂಟಿನ ಬೆಲ್ಟು ಕೂಡ ಕಟ್ಟಿತ್ತು. ಜನ ಮಾತ್ರ ಇಲ್ಲ. ಪಾಪ, ಎಷ್ಟು ಮರೆವಿನ ಜನ ಎಂದುಕೊಂಡಳು ಲೆನಿ. ತನ್ನ ಮುಂದೆ, ಕಲ್ಲಿನ ಕಂಬದ ಪಕ್ಕ ಕಟ್ಟಿದ್ದ ಕಂದು ಉಣ್ಣೆಯ ಮಫ್ಲರನ್ನು ಬಿಚ್ಚಿ, ಅಮ್ಮ ಕಲಿಸಿದ ಹಾಗೆ ನೀಟಾಗಿ ಮಡಿಸಿ, ಕೆಳಗೆ ಕೋಟು ಇಡುವ ಕೌಂಟರಿನ ಹೆಂಗಸಿಗೆ ಕೊಟ್ಟು, "ಯಾರೋ ಬಿಟ್ಟು ಹೋಗಿದಾರೆ" ಎಂದು ಹೇಳಿ ಬಂದಳು.

ಅವಳು ತಿರುಗಿ ಬರುವ ಹೊತ್ತಿಗೆ ಗ್ಯಾಲರಿಯಲ್ಲಿ ರಾದ್ಧಾಂತ. ಕೈಗವಸು ಹೊಲಿಯುವ ವೆಸೆಲಿ ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಪ್ರೊಹಾಸ್ಕಾರ ಮಫ್ಲರ್ ಯಾರೋ ಬಿಚ್ಚಿದಾರೆ! ಮೂವತ್ತು ವರ್ಷದಲ್ಲಿ ಇಲ್ಲಿ ಒಬ್ಬರೂ ಮಫ್ಲರ್ ಮುಟ್ಟಿಲ್ಲ. ಯುದ್ಧ ಬಂತು, ಬಾಂಬ್ ಬಿತ್ತು, ಆಗ್ಲೂ ಮುಟ್ಟಿಲ್ಲ!"

"ಬಾಂಬ್ ಬಿದ್ಮೇಲೆ ಕಟ್ಟಡಾನೇ ಇರ್ಲಿಲ್ಲ ವೆಸೆಲಿ, ಇನ್ನು ಮಫ್ಲರ್ ಎಲ್ಲಿ ಬಂತು," ಎಂದಿತು ಹಿಂದಿನಿಂದ ಒಂದು ದಪ್ಪ ದನಿ.

ಅವರೇ ಪ್ರೊಹಾಸ್ಕಾ. ಮೂವತ್ತನಾಲ್ಕು ವರ್ಷ ಟ್ರಾಮ್ ಓಡಿಸಿ ನಿವೃತ್ತರಾದವರು. ಪೊದೆಯಂಥ ಮೀಸೆ, ಅಗಲ ಭುಜ. ಗ್ಯಾಲರಿಯಲ್ಲಿ ಎಲ್ಲರೂ ಅವರನ್ನು "ಪ್ರೊಫೆಸರ್" ಎಂದೇ ಕರೆಯುತ್ತಿದ್ದರು. ಅವರು ಚಪ್ಪಾಳೆ ತಟ್ಟಿದರೆ ಗ್ಯಾಲರಿ ತಟ್ಟುತ್ತಿತ್ತು, ಅವರು ಕೈಕಟ್ಟಿ ನಿಂತರೆ ಗ್ಯಾಲರಿಯೂ ಕೈಕಟ್ಟುತ್ತಿತ್ತು. ಜಾಗ ಹಿಡಿದವರು ಕಂಬಿಗೆ ಗುರುತು ಕಟ್ಟಿ, ನೆಮ್ಮದಿಯಾಗಿ ಸಾಸೇಜು ತಿನ್ನಲು ಹೋಗುತ್ತಾರೆ, ಆ ಗಂಟನ್ನು ದೇವರು ಬಂದರೂ ಬಿಚ್ಚುವ ಹಾಗಿಲ್ಲ ಎಂದು ಲೆನಿಗೆ ಆಗ ತಿಳಿಯಿತು. ನಾಚಿಕೆಯಿಂದ ಅವಳ ಕಿವಿಯೆಲ್ಲ ಕೆಂಪಾಯಿತು. ಓಡಿಹೋಗಿ ಮಫ್ಲರ್ ತಂದು, ಎರಡೂ ಕೈಯಲ್ಲಿ ಒಪ್ಪಿಸಿದಳು.

ಪ್ರೊಹಾಸ್ಕಾ ಮಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನ್ನ ಹೆಂಡತಿ ಹೋದ್ಮೇಲೆ ಇದನ್ನ ಯಾರೂ ಇಷ್ಟು ನೀಟಾಗಿ ಮಡಿಸಿರಲಿಲ್ಲ. ಏನ್ ಓದ್ತೀಯಮ್ಮ?"

"ನಾಟಕಶಾಸ್ತ್ರ."

"ಓಹೋ, ಡಾಕ್ಟರಮ್ಮ! ಬಾ, ನನ್ನ ಬಲಗಡೆ ನಿಲ್ಲು. ಕಂಬ ಅಡ್ಡ ಬರುತ್ತೆ, ಏನೂ ಕಾಣಲ್ಲ. ಆದ್ರೆ ಒಪೆರಾ ನೋಡೋರು ಕೆಳಗಡೆ ಕುರ್ಚಿ ಮೇಲೆ ಇರ್ತಾರೆ. ನಾವು ಕೇಳೋರು."

ಅಂದು ಪರದೆ ಬಿದ್ದ ಮೇಲೆ ಅವರು ಕೇಳಿದ ಮೊದಲ ಮಾತು, "ಹೂಂ, ಏನ್ ಕೇಳಿಸ್ತು?" ಲೆನಿಯ ಬಾಯಿ ತುದಿಯಲ್ಲಿದ್ದದ್ದು "ಚೆಂದ" ಎನ್ನುವ ಆ ನಿಷಿದ್ಧ ಪದ. ಅದನ್ನು ನುಂಗಿಕೊಂಡು, "ನೀವೇ ಹೇಳಿ," ಎಂದಳು. ಮುದುಕ ಒಂದು ಗಳಿಗೆ ಅವಳ ಮುಖ ನೋಡಿ, ಮೀಸೆ ಸವರಿಕೊಂಡು, ಹೇಳಲು ಶುರುಮಾಡಿದರು.

ಏನು ಹೇಳುತ್ತಿದ್ದರು ಅಂತೀರಿ! ಈ ಗಾಯಕ ಏರಿನಲ್ಲಿ ಉಸಿರು ಖರ್ಚು ಮಾಡಿಕೊಂಡ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಏನೂ ಉಳಿಯಲಿಲ್ಲ ಎನ್ನುತ್ತಿದ್ದರು. ಆ ಗಾಯಕಿಗೆ ಸಾಯುವ ದೃಶ್ಯದಲ್ಲಿ ಆತುರ, ಕೊನೆಯ ಟ್ರಾಮ್ ತಪ್ಪಿಹೋಗುತ್ತದೇನೋ ಎನ್ನುವ ಹಾಗೆ ಸತ್ತಳು ಎನ್ನುತ್ತಿದ್ದರು. ಲೆನಿ ಬಾಡಿಗೆಯ ಕೋಣೆಗೆ ಹೋಗಿ ಅದನ್ನೆಲ್ಲ ಟ್ರಾಮ್ ತೆಗೆದುಹಾಕಿ, ಓದಿದವರ ಮಾತಿಗೆ ತಿರುಗಿಸಿ ಬರೆಯುತ್ತಿದ್ದಳು. ಡಾಕ್ಟರ್ ಲಿಂಡ್ನರ್ ಅಂಚಿನಲ್ಲಿ "ಒಳ್ಳೆಯ ಕಿವಿ" ಎಂದು ಬರೆದು ಕೊಡುತ್ತಿದ್ದರು. ಒಂದು ಭಾನುವಾರ ಚಿತ್ರಶಾಲೆಗೂ ಮುದುಕನನ್ನು ಕರೆದುಕೊಂಡು ಹೋದಳು. ಕುದುರೆ ಸವಾರನ ದೊಡ್ಡ ಚಿತ್ರದ ಮುಂದೆ ನಿಂತು ಅವರು, "ಈ ವೇಗದಲ್ಲಿ ಈ ತಿರುವು ತಗೊಂಡ್ರೆ ಖಂಡಿತ ಬೀಳ್ತಾನೆ" ಎಂದರು. ಅದೂ ಪುಟವಾಯಿತು. ಅದಕ್ಕೂ ಹೊಗಳಿಕೆ ಬಂತು. ಊರಿಂದ ಅಮ್ಮ ಕಳಿಸಿದ ಗಸಗಸೆ ರೊಟ್ಟಿಯನ್ನು ಸಾಲಿನಲ್ಲಿ ನಿಂತು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. ಪ್ರೊಹಾಸ್ಕಾರ ಮೀಸೆಯಲ್ಲಿ ಕಪ್ಪು ಕಾಳು ಸಿಕ್ಕಿಕೊಂಡು, ವೆಸೆಲಿ ಅಮ್ಮ "ಪ್ರೊಫೆಸರಿಗೆ ಇರುವೆ ಹತ್ತಿದೆ" ಎಂದು ಕಿಸಕ್ಕನೆ ನಗುತ್ತಿದ್ದಳು. ಇಂದಿಗೂ ಗಸಗಸೆಯ ವಾಸನೆ ಬಂದರೆ ಲೆನಿಗೆ ನೆನಪಾಗುವುದು ಹುಟ್ಟಿದ ಊರಲ್ಲ, ಆ ಸಾಲು.

ಪ್ರತಿ ಸಂಜೆಯೂ ಅದೇ ಪ್ರಶ್ನೆ, "ಏನ್ ಕೇಳಿಸ್ತು?" ಪ್ರತಿ ಸಂಜೆಯೂ ಅದೇ ಉತ್ತರ, "ನೀವೇ ಹೇಳಿ." ಮುದುಕ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದೇ ಅವಳ ಎಣಿಕೆ.

ಹತ್ತೊಂಬತ್ತನೆಯ ಸಲದ ಸಂಜೆ ಎಡವಟ್ಟಾಯಿತು. ಮೂರನೆಯ ಅಂಕ ಪಿಟೀಲುಗಳಿಂದ ಶುರು. ಲೆನಿಯ ಕಿವಿಗೆ ಅವು ಗಾಯಕಿಯ ದನಿಯನ್ನೇ ನುಂಗಿ ಹಾಕಿದ ಹಾಗೆ ಕೇಳಿಸಿತು, ಮೈ ಜುಮ್ಮೆಂದಿತು. ಆದರೆ ಪ್ರೊಹಾಸ್ಕಾ, "ಇವತ್ತು ಪಿಟೀಲಿನವರು ಬೇಕಂತಲೇ ಮೆತ್ತಗೆ ನುಡಿಸಿದ್ರು. ಹಾಡೋಳಿಗೆ ದಾರಿ ಬಿಟ್ಕೊಟ್ರು, ದೊಡ್ಡ ಮನಸ್ಸು," ಎಂದರು. ಗಸಗಸೆ ಹೊಲದಲ್ಲಿ ಬೆಳೆದ ಕಿವಿ ತನ್ನದು, ಅದನ್ನು ನಂಬುವುದುಂಟೆ? ದಾರಿ ಬಿಟ್ಟುಕೊಟ್ಟ ಪಿಟೀಲುಗಳ ಬಗ್ಗೆಯೇ ಇಡೀ ಪುಟ ಬರೆದು ಕೊಟ್ಟಳು.

ಮರುವಾರ ಡಾಕ್ಟರ್ ಲಿಂಡ್ನರ್ ಅವಳನ್ನು ಕೋಣೆಗೆ ಕರೆಸಿದರು. "ಆ ಸಂಜೆ ನಾನೂ ಅಲ್ಲಿದ್ದೆ. ಪಿಟೀಲು ಎಷ್ಟು ಜೋರಾಗಿತ್ತು ಅಂದ್ರೆ ನನ್ನ ಪಕ್ಕದಲ್ಲಿ ನಿದ್ದೆ ಮಾಡ್ತಿದ್ದೋರು ಎದ್ದು ಕೂತ್ರು. ಇದು ಯಾರ ಕಿವಿ?"

ಲೆನಿ ತಲೆ ತಗ್ಗಿಸಿದಳು.

"ಉಳಿದಿರೋದು ಒಂದು ಪುಟ. ಅದು ನಿನ್ನ ಕಿವಿಯಿಂದ ಬಂದ್ರೆ ಮುಂದಿನ ವರ್ಷ ಇಲ್ಲಿ ಓದು. ಇಲ್ಲಾ ಅಂದ್ರೆ ನಿಮ್ಮಪ್ಪನಿಗೆ ನಾನೇ ಕಾಗದ ಬರೀತೀನಿ."

ಮಾರನೆಯ ಮಧ್ಯಾಹ್ನ ಒಪೆರಾದ ಪಕ್ಕದ ಕಮಾನಿನ ಕೆಳಗಿನ ಸಾಲಿನಲ್ಲಿ ಪ್ರೊಹಾಸ್ಕಾ ಎಂದಿನಂತೆ ಮೊದಲಿಗರಾಗಿ ಮಡಿಸುವ ಸ್ಟೂಲಿನ ಮೇಲೆ ಕೂತಿದ್ದರು. ಲೆನಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ತಾನು ಇಷ್ಟು ದಿನ ಅವರ ಮಾತನ್ನೇ ಕದ್ದು ಬರೆದದ್ದು, ಹೊಗಳಿಸಿಕೊಂಡದ್ದು, ಈಗ ಸಿಕ್ಕಿಬಿದ್ದದ್ದು. ಬೈಗುಳಕ್ಕೆ ಕಾದು ನಿಂತಳು.

ಮುದುಕ ಬೈಯಲಿಲ್ಲ. ಮುಖ ಮಾತ್ರ ಸಪ್ಪಗಾಯಿತು. "ಪಿಟೀಲು ಅಷ್ಟು ಜೋರಾಗಿತ್ತಾ?"

"ಹೂಂ."

"ನಿನ್ನ ಕಿವಿಗೂ?"

"ನನ್ನ ಕಿವಿಗೂ ಜೋರಾಗೇ ಇತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ? ದಿನಾ ಕೇಳ್ತಾನೇ ಇದ್ನಲ್ಲ."

"ನೀವು ಪರೀಕ್ಷೆ ಮಾಡ್ತಿದೀರ ಅಂದ್ಕೊಂಡೆ."

"ಪರೀಕ್ಷೆ!" ಪ್ರೊಹಾಸ್ಕಾ ಸಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ನನಗೆ ಕೇಳಿಸ್ತಿಲ್ಲ ಕಣಮ್ಮಾ. ಮೂವತ್ತನಾಲ್ಕು ವರ್ಷ ತಿರುವಿನಲ್ಲಿ ಚಕ್ರ ಕಿರುಚೋದು ಕೇಳಿ ಕೇಳಿ ಸಣ್ಣ ಸ್ವರ ಎಲ್ಲ ಹೋಯ್ತು. ಹಾಡೋರ ದನಿ ಬರುತ್ತೆ. ಪಿಟೀಲು ಬರಲ್ಲ. ಆ ದಿನ ಮಫ್ಲರ್ ಮಡಿಸ್ಕೊಂಡು ಬಂದೆಯಲ್ಲ, ಯಾರೋ ಒಳ್ಳೆ ಮನೆ ಹುಡುಗಿ, ಪಕ್ಕದಲ್ಲಿ ನಿಲ್ಲಿಸ್ಕೊಂಡ್ರೆ ಕೇಳಿಸಿದ್ದನ್ನ ಹೇಳ್ತಾಳೆ ಅಂದ್ಕೊಂಡೆ. ನೀನು ನೋಡಿದ್ರೆ ದಿನಾ ನನ್ನನ್ನೇ ಕೇಳ್ದೆ. ನಾನೂ ಊಹೆ ಮಾಡಿ ಹೇಳ್ದೆ. ಎಲ್ರೂ ಪ್ರೊಫೆಸರ್ ಅಂತಾರೆ. ನನ್ನ ಮುಖ ನೋಡಿ ಚಪ್ಪಾಳೆ ತಟ್ತಾರೆ. ಕಿವುಡ ಅಂತ ಹೇಳ್ಕೊಳ್ಳೋಕೆ ಬಾಯಿ ಬರ್ಲಿಲ್ಲ."

ಲೆನಿಗೆ ಅಳು ಒತ್ತರಿಸಿ ಬಂತು. ಇಷ್ಟೂ ಸಂಜೆ ಒಬ್ಬರು ಕೈಚಾಚಿ ಕೇಳಿದ್ದರು, ತಾನು ಆ ಕೈಯಿಂದಲೇ ಕಿತ್ತುಕೊಂಡು ತಿಂದಿದ್ದಳು. ಎಂಥ ದಡ್ಡಿ ನಾನು ಎಂದು ತನ್ನನ್ನೇ ಶಪಿಸಿಕೊಂಡಳು.

ಆ ಸಂಜೆ ಕಂಬಿಗೆ ಕಂದು ಮಫ್ಲರ್ ಕಟ್ಟಿದವಳು ಲೆನಿ. ದೀಪ ಆರಿದ ಮೇಲೆ ಕಂಬಿಯ ಮೇಲಿದ್ದ ಪ್ರೊಹಾಸ್ಕಾರ ಕೈಯ ಮೇಲೆ ತನ್ನ ಕೈಯಿಟ್ಟಳು. ಪಿಟೀಲು ಬಂದಾಗ ಬೆರಳಲ್ಲಿ ಮುಟ್ಟಿದಳು. ಮೆತ್ತಗಿದ್ದರೆ ತುದಿಬೆರಳು, ಜೋರಾದರೆ ಇಡೀ ಅಂಗೈ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ವಿರಾಮದಲ್ಲಿ ವೆಸೆಲಿ ಅಮ್ಮ, "ನೋಡ್ರೋ, ಮುದುಕನಿಗೆ ಈಗ ವಸಂತ ಬಂದಿದೆ" ಎಂದು ಗ್ಯಾಲರಿಗೆಲ್ಲ ಸಾರಿದಳು. ಪ್ರೊಹಾಸ್ಕಾ, "ನಿನಗೆ ಹೊಟ್ಟೆಕಿಚ್ಚು ವೆಸೆಲಿ" ಎಂದು ಮೀಸೆ ತಿರುವಿದರು. ಗುಟ್ಟು ಗುಟ್ಟಾಗಿಯೇ ಉಳಿಯಿತು. ಪರದೆ ಬಿದ್ದ ಮೇಲೆ ಸಾಸೇಜಿನ ಅಂಗಡಿಯ ಮುಂದೆ ನಿಂತು ಅವರು ಕೇಳಿದರು, "ಏನ್ ಕೇಳಿಸ್ತು?" ಲೆನಿ ಹೇಳಿದಳು. ತಡವರಿಸಿದಳು, ತಪ್ಪಿದಳು, ಕೈಯಾಡಿಸಿ ತೋರಿಸಿದಳು. ಒಣ ಗಸಗಸೆ ಕಾಯನ್ನು ಅಲ್ಲಾಡಿಸಿದಾಗ ಒಳಗೆ ಕಾಳು ಓಡುತ್ತದಲ್ಲ, ಎರಡನೇ ಅಂಕದ ಪಿಟೀಲು ಹಾಗಿತ್ತು ಎಂದಳು. ಮುದುಕನ ಸಾಸೇಜು ತಣ್ಣಗಾಯಿತು, ಅವರು ತಿನ್ನಲೇ ಇಲ್ಲ.

ಇಪ್ಪತ್ತನೆಯ ಪುಟ ಅದೇ. ಗಸಗಸೆ ಕಾಯಿಯೂ ಇತ್ತು, ಕೊನೆಯಲ್ಲಿ ಒಂದು "ಚೆಂದ"ವೂ ಇತ್ತು. ಡಾಕ್ಟರ್ ಲಿಂಡ್ನರ್ ಚೆಂದದ ಮೇಲೆ ಕೆಂಪು ಗೀರು ಎಳೆದು, ಕೆಳಗೆ ಬರೆದಿದ್ದರು: "ಇದು ನಿನ್ನ ಕಿವಿ. ಸ್ವಲ್ಪ ಒರಟು. ಇರಲಿ."

ಬೇಕರಿ ತಪ್ಪಿತು. ಇನ್ನೂ ಮೂರು ಚಳಿಗಾಲ ಅವಳು ಪ್ರೊಹಾಸ್ಕಾರ ಕೈಯ ಮೇಲೆ ಕೈಯಿಟ್ಟು ನಿಂತಳು. ನಾಲ್ಕನೆಯದರಲ್ಲಿ ಅವರು ಬರಲಿಲ್ಲ, ಅವರ ಮಫ್ಲರ್ ಬಂತು. ವೆಸೆಲಿ ಅಮ್ಮ ಅದನ್ನು ಕಣ್ಣೊರೆಸಿಕೊಂಡು ತಂದುಕೊಟ್ಟಳು. ಲೆನಿ ಡಾಕ್ಟರಮ್ಮನೇನೂ ಆಗಲಿಲ್ಲ. ಒಟ್ಟಾಕ್ರಿಂಗ್ ಬಡಾವಣೆಯ ಮಕ್ಕಳ ಶಾಲೆಯಲ್ಲಿ ಮೂವತ್ತೆಂಟು ವರ್ಷ ಸಂಗೀತ ಹೇಳಿಕೊಟ್ಟಳು. ಪಾಠ ಶುರುವಾಗುತ್ತಿದ್ದುದು "ಏನ್ ಕೇಳಿಸ್ತು?" ಎಂದು, "ಚೆಂದ" ಎಂದ ಮಗುವಿಗೆ ಅವಳ ತರಗತಿಯಲ್ಲಿ ಕೆಂಪು ಗೀರಿರಲಿಲ್ಲ. ಮದುವೆಯಾಯಿತು, ಅದು ಮುರಿಯಿತು, ಅಪ್ಪ ಅಮ್ಮ ಹೋದರು, ಹೊಲ ಕೈಬಿಟ್ಟಿತು. ವಾರಕ್ಕೊಂದು ಸಂಜೆ ಕಂಬದ ಪಕ್ಕದ ಜಾಗ ಮಾತ್ರ ಬಿಡಲಿಲ್ಲ.

ಹೋದ ಶರತ್ಕಾಲದಲ್ಲಿ ಕಿವಿಯ ವೈದ್ಯರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಗೆರೆ ಬಲಗಡೆ ಹೋಗುತ್ತ ಹೋಗುತ್ತ ಕೆಳಕ್ಕೆ ಬಿದ್ದಿತ್ತು. ಸಣ್ಣ ಸ್ವರಗಳು ಹೋಗಿವೆ, ವಯಸ್ಸು ಎಂದರು. ಲೆನಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಮೊನ್ನೆ ಅವಳು ಗ್ಯಾಲರಿಗೆ ಹೋದಳು. ಈಗ ಕಂಬಿಯ ಮೇಲೆ ಜಾಗಕ್ಕೊಂದು ಅಂಕಿ ಇದೆ, ಮಫ್ಲರ್ ಕಟ್ಟಬೇಕಾಗಿಲ್ಲ. ಆದರೂ ಕಟ್ಟಿದಳು, ಸವೆದು ನೂಲು ಬಿಟ್ಟ ಅದೇ ಕಂದು ಮಫ್ಲರ್. ಪಕ್ಕದ ಅಂಕಿಯಲ್ಲಿ ಒಬ್ಬಳು ಕಾಲೇಜು ಹುಡುಗಿ, ಕೈಯಲ್ಲಿ ನೋಟುಬುಕ್ಕು. ಮೂರನೆಯ ಅಂಕ ಶುರುವಾಯಿತು, ಆ ಹಳೆಯ ಸಂಜೆಯದೇ ಒಪೆರಾ. ಕೆಳಗೆ ಪಿಟೀಲಿನ ಕಮಾನುಗಳು ಒಟ್ಟಿಗೆ ಏಳುವುದು, ಬೀಳುವುದು ಕಂಬದ ಸಂದಿಯಿಂದ ಕಾಣಿಸುತ್ತಿತ್ತು. ಏನೂ ಕೇಳಿಸಲಿಲ್ಲ. ಲೆನಿಯ ಬೆರಳುಗಳು ಮಾತ್ರ ಕಂಬಿಯ ಮೇಲೆ ತಮ್ಮಷ್ಟಕ್ಕೆ ತಾವೇ ಆಡಿದವು.

ಪರದೆ ಬಿತ್ತು. ದೀಪ ಹೊತ್ತಿದವು. ಹುಡುಗಿ ಪೆನ್ನು ಕಚ್ಚಿಕೊಂಡು ಖಾಲಿ ಪುಟ ನೋಡುತ್ತಿದ್ದಳು.

"ಏನ್ ಕೇಳಿಸ್ತು ಮಗು?" ಎಂದಳು ಲೆನಿ.

ಹುಡುಗಿ ಬೆಚ್ಚಿ, ನಾಚಿಕೊಂಡು, ಕಂಬಿಗೆ ಕಟ್ಟಿದ್ದ ಹಳೆಯ ಮಫ್ಲರನ್ನೂ ಬಿಳಿಗೂದಲನ್ನೂ ನೋಡಿದಳು. "ಅಯ್ಯೋ, ನಾನು ಹೊಸಬಳು. ನೀವೇ ಹೇಳಿ."

ಲೆನಿ ಅವಳ ಕೈಯ ಮೇಲೆ ಕೈಯಿಟ್ಟಳು.

"ಇಲ್ಲಮ್ಮ, ನೀನೇ ಹೇಳ್ಬೇಕು. ನನಗೆ ಪಿಟೀಲು ಕೇಳಿಸಲ್ಲ."