ಮಗ್ಗುಲು ಬದಲಿಸುವ ಗಾದೆಮ್ಮ

ಬೆಳಗಿನ ಐದೂವರೆ. ಕೊಟ್ಟೂರಿನ ಕಡೆಯ ಗಾಡಿ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿಗೆ ಇನ್ನೂ ಬಂದಿಲ್ಲ. ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ, ಒಂದು ಕಾಲಕ್ಕೆ ಹತ್ತಿ ತುಂಬುತ್ತಿದ್ದ ಗೋದಾಮಿನೊಳಗೆ, ಗಾದೆಮ್ಮ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಾಗಿದರೆ ಮಲಗಿದವರು ಬೆಚ್ಚುತ್ತಾರೆ. ಮೂರನೆಯ ಮಂಚದ ಸುತ್ತ ಪರದೆ ಎಳೆದು, ಬಾಗಿ ಮಾತಾಡಿಸುತ್ತಾರೆ.

“ಪಾಲಾಕ್ಷಪ್ಪಾರ, ನಾನು ಗಾದೆಮ್ಮ ಬಂದೀನ್ರಿ. ಈಗ ನಿಮ್ಮನ್ನ ಎಡಮಗ್ಗಲಕ್ಕ ಹೊರಳಿಸ್ತೀನಿ. ಹೆದರಬ್ಯಾಡ್ರಿ.”

ಲಕ್ವ ಹೊಡೆದು ನಾಲ್ಕು ವರ್ಷದಿಂದ ಮಲಗಿರುವ ಪಾಲಾಕ್ಷಪ್ಪ ಉತ್ತರ ಕೊಡುವುದಿಲ್ಲ. ಕೊಡಲಿ ಬಿಡಲಿ, ಹೇಳದೆ ಮುಟ್ಟುವ ರೂಢಿ ಗಾದೆಮ್ಮನಿಗಿಲ್ಲ. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ ಇಟ್ಟು ತಮ್ಮ ಕಡೆಗೆ ಮೆಲ್ಲಗೆ ಹೊರಳಿಸಿಕೊಳ್ಳುತ್ತಾರೆ. ಮೊಣಕಾಲುಗಳ ನಡುವೆ ದಿಂಬು ಸೇರಿಸಿ, ಬೆನ್ನು, ಸೊಂಟದ ತುದಿ, ಹಿಮ್ಮಡಿ, ಮೊಣಕೈ ಎಲ್ಲವನ್ನೂ ಕಂದೀಲಿನ ಬೆಳಕಿನಲ್ಲಿ ನೋಡುತ್ತಾರೆ. ಎಲ್ಲಾದರೂ ಕೆಂಪಗೆ ಕಂಡರೆ ಬೆರಳಿಟ್ಟು ಒತ್ತುತ್ತಾರೆ. ಒತ್ತಿ ಬಿಟ್ಟಾಗ ಕೆಂಪು ಒಮ್ಮೆ ಬೆಳ್ಳಗಾಗಿ ಮತ್ತೆ ಬಂದರೆ ಚಿಂತೆಯಿಲ್ಲ. ಬೆಳ್ಳಗಾಗದೆ ಹಾಗೇ ಉಳಿದರೆ ಒಳಗೆ ಹುಣ್ಣು ಶುರುವಾಗಿದೆ ಎಂದರ್ಥ.

ಊರಿನ ಕೆಲವರು ಸೇರಿ ಹತ್ತು ವರ್ಷದ ಹಿಂದೆ ತೆರೆದ ಈ ಆರೈಕೆ ಮನೆಯಲ್ಲಿ ಹದಿನೆಂಟು ಮಂಚಗಳಿವೆ. ವಾಸಿಯಾಗಿ ಮನೆಗೆ ಹೋಗುವ ಕಾಯಿಲೆಯವರು ಇಲ್ಲಿಗೆ ಬರುವುದಿಲ್ಲ. ಹದಿನೆಂಟರಲ್ಲಿ ಹನ್ನೊಂದು ಮಂದಿ ತಾವಾಗಿ ಮಗ್ಗುಲು ಬದಲಿಸಲಾರರು. ಎರಡು ತಾಸಿಗೊಮ್ಮೆ ಅವರನ್ನು ಹೊರಳಿಸಬೇಕು. ಗಾದೆಮ್ಮನ ಹಗಲ ಪಾಳಿಯಲ್ಲಿ ಅದು ಆರು ಸುತ್ತು, ಅಂದರೆ ಅರವತ್ತಾರು ಸಲ. ಐವತ್ತೆರಡರ ಸೊಂಟ ಸಂಜೆಗೆ ಮಾತು ಕೇಳುವುದಿಲ್ಲ. ಗಡಿಯಾರ ನೋಡಲು ಬಾರದ ಅವರು ರೈಲಿನ ಕೂಗು, ಶಾಲೆಯ ಗಂಟೆ, ಮಸೀದಿಯ ಬಾಂಗು ಹಿಡಿದು ಹೊತ್ತು ತಿಳಿಯುತ್ತಾರೆ.

ಈ ಕೆಲಸಕ್ಕೆ ಅವರನ್ನು ತಂದು ನಿಲ್ಲಿಸಿದ್ದು ಒಂದು ಸಾವು. ಹದಿನೈದು ವರ್ಷದ ಹಿಂದೆ ಕೋಗಳಿಯಲ್ಲಿ ಅವರ ಅಕ್ಕ ಹಂಪಮ್ಮ ಶೇಂಗಾ ಹೊಟ್ಟು ಹೇರಿದ ಬಂಡಿಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡಳು. ಸೊಂಟದ ಕೆಳಗೆ ಜೀವವಿರಲಿಲ್ಲ. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ಗಾದೆಮ್ಮ ಅಕ್ಕನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡರು. ಹೊರಳಿಸಲು ಹೋದಾಗಲೆಲ್ಲ ಹಂಪಮ್ಮ ಚೀರುತ್ತಿದ್ದಳು. “ಮುಟ್ಟಬ್ಯಾಡಲೇ, ಹಂಗ ಬಿಡು” ಎಂದು ಕೈ ಹಿಡಿದುಕೊಳ್ಳುತ್ತಿದ್ದಳು. ಪಾಪ ಅನ್ನಿಸಿ ಗಾದೆಮ್ಮ ಹಾಗೇ ಬಿಟ್ಟರು.

“ಇಪ್ಪತ್ತು ದಿನ ಅಂಗಾತ ಮಲಗಿಸಿದೆ ನೋಡ್ರಿ,” ಎನ್ನುತ್ತಾರೆ ಗಾದೆಮ್ಮ. “ವಾಸನಿ ಬಂದ ಮ್ಯಾಲ ನರ್ಸಮ್ಮನ್ನ ಕರಸಿದ್ವಿ. ಆಕಿ ಸೀರಿ ಸರಿಸಿ ತೋರಿಸಿದ್ಲು. ಎಲುಬು ಕಾಣತಿತ್ತು. ನಾನು ಅಂತಃಕರಣ ಅಂದ್ಕೊಂಡು ಮಾಡಿದ್ದು ನಮ್ಮಕ್ಕನ್ನ ತಿಂದಿತ್ರಿ.”

ನರ್ಸಮ್ಮ ಬೈಯಲಿಲ್ಲ. ಗಾಯ ತೊಳೆಯುತ್ತಾ, ಮೈಯ ಭಾರವೇ ಒಂದು ಕಡೆ ಬಿದ್ದರೆ ಅಲ್ಲಿ ರಕ್ತ ನಿಲ್ಲುತ್ತದೆ, ರಕ್ತ ನಿಂತ ಕಡೆ ಮಾಂಸ ಸಾಯುತ್ತದೆ ಎಂದು ತಿಳಿಸಿ ಹೇಳಿದಳು. ಆ ಮಾತನ್ನು ಯಾರಾದರೂ ಇಪ್ಪತ್ತು ದಿನ ಮೊದಲೇ ಹೇಳಿದ್ದರೆ ಎಂದು ಗಾದೆಮ್ಮ ಇವತ್ತಿಗೂ ಮರುಗುತ್ತಾರೆ. ಆರೈಕೆ ಮನೆ ತೆರೆದಾಗ, ಉಚ್ಚೆ-ಹೇಲು ಬಳಿಯುವ ಕೆಲಸವೆಂದು ಬೇರೆಯವರು ಹಿಂದೆ ಸರಿದರೆ, ಅವರು ತಾವೇ ನಡೆದು ಬಂದು ಕೇಳಿ ಸೇರಿಕೊಂಡರು.

ಇಲ್ಲಿ ಅವರಿಗೆ ಇನ್ನೊಬ್ಬ ಅಕ್ಕ ಸಿಕ್ಕಳು. ಕೊಟ್ಟೂರಿನಲ್ಲಿ ಸ್ಟೋವ್ ರಿಪೇರಿ ಮಾಡುವ ಉಸ್ಮಾನ್ ಸಾಬರ ಹೆಂಡತಿ ಶರೀಫಾ ಬೀ. ಲಕ್ವ ಹೊಡೆದು ಬಲಗಡೆಯ ಮೈಯೂ ಮಾತೂ ಹೋಗಿದ್ದವು. ಆರು ವರ್ಷ ಗಾದೆಮ್ಮನೇ ಕೈಯಾದರು, ಬಾಯಾದರು. ಊಟಕ್ಕೆ ಮೊದಲು ಎತ್ತಿ ನೆಟ್ಟಗೆ ಕೂರಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟು, ಗದ್ದ ತುಸು ಕೆಳಗೆ ಮಾಡಿಸಿ, ಸ್ವಾಧೀನವಿದ್ದ ಎಡದವಡೆಗೆ ಚಿಕ್ಕ ಚಮಚದಲ್ಲಿ ಗಂಜಿ ಹಾಕುತ್ತಿದ್ದರು. ನುಂಗಿದ್ದನ್ನು ಗಂಟಲಿನ ಮೇಲೆ ಕಂಡ ಮೇಲೆಯೇ ಮುಂದಿನ ಚಮಚ. ಉಂಡ ಮೇಲೂ ಅರ್ಧ ತಾಸು ಮಲಗಿಸುತ್ತಿರಲಿಲ್ಲ. ಆ ಅರ್ಧ ತಾಸಿನಲ್ಲಿ ತಲೆ ಬಾಚುತ್ತಾ ಊರ ಸುದ್ದಿ ಹೇಳುತ್ತಿದ್ದರು. ಸುದ್ದಿ ಹಿಡಿಸಿದರೆ ಶರೀಫಾ ಬೀ ಎಡಗೈಯಿಂದ ಇವರ ಬಳೆ ಹಿಡಿದು ಎಳೆಯುತ್ತಿದ್ದಳು.

ಕಳೆದ ವರ್ಷ ಶ್ರಾವಣದಲ್ಲಿ ಗಾದೆಮ್ಮನ ಮಗಳಿಗೆ ಹಡಗಲಿಯಲ್ಲಿ ಹೆರಿಗೆಯಾಯಿತು. ಒಂಬತ್ತು ವರ್ಷದಲ್ಲಿ ಅವರು ಮೊದಲ ಸಲ ನಾಲ್ಕು ದಿನದ ರಜೆ ಕೇಳಿದರು. ಬದಲಿಗೆ ಹೊಸಹಳ್ಳಿ ಕಡೆಯ ಅನ್ನದಾನಮ್ಮ ಎಂಬ ಹುಡುಗಿ ಬಂದಳು. ಒಳ್ಳೆಯ ಮನಸ್ಸಿನ ಹುಡುಗಿ. ಈ ಕೆಲಸಕ್ಕೆ ಹೊಸಬಳು. ಬಸ್ಸಿನ ಹೊತ್ತಾಗಿತ್ತು. ಯಾವ ಮಂಚದವರಿಗೆ ಏನು ಊಟ ಎಂದಷ್ಟೇ ಹೇಳಿ ಗಾದೆಮ್ಮ ಹೊರಟರು. ಹೇಗೆ ಉಣಿಸಬೇಕು ಎಂಬುದನ್ನು ಹೇಳಲಿಲ್ಲ.

ಎರಡನೆಯ ದಿನ ಶರೀಫಾ ಬೀ ನಿದ್ದೆಗಣ್ಣಿನಲ್ಲಿದ್ದಾಗ, ಹಸಿದಿದ್ದಾಳೆಂದು ಅನ್ನದಾನಮ್ಮ ಮಲಗಿಸಿದಂತೆಯೇ ಗಂಜಿ ಹಾಕಿದಳು. ಕೆಮ್ಮು ಬಂತು, ನಿಂತಿತು. ಗಂಜಿ ಉಸಿರಿನ ದಾರಿ ಹಿಡಿದಿದ್ದು ಯಾರಿಗೂ ತಿಳಿಯಲಿಲ್ಲ. ಮಾರನೆಯ ದಿನ ಜ್ವರ ಏರಿತು. ಡಾಕ್ಟರು ಬಂದು ಚುಚ್ಚುಮದ್ದು ಕೊಟ್ಟರು. ಗಾದೆಮ್ಮ ಮೊಮ್ಮಗನ ಮುಖ ನೋಡಿಕೊಂಡು ನಗುತ್ತಾ ಮರಳಿ ಬಂದಾಗ, ಶರೀಫಾ ಬೀಯ ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಿತ್ತು.

“ಅಕ್ಕಾ ಅಂದೆ. ಕಣ್ಣು ತೆರದ್ಲು. ಬಳಿ ಹಿಡ್ಯಾಕ ಕೈ ಎತ್ತಿದ್ಲು, ಮುಟ್ಟಲಿಲ್ರಿ.” ಇಷ್ಟು ಹೇಳಿ ಗಾದೆಮ್ಮ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಎರಡು ದಿನ ಅವರು ಆ ಮಂಚ ಬಿಟ್ಟು ಕದಲಲಿಲ್ಲ. ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದರು, ಉಸಿರಿಗೆ ಹಗುರಾಗಲೆಂದು ತಲೆ ಎತ್ತರಿಸಿ ಎದೆಗೆ ಒರಗಿಸಿಕೊಂಡರು. ಶುಕ್ರವಾರ ಮಧ್ಯಾಹ್ನ ಶರೀಫಾ ಬೀ ಅವರ ಎದೆಯ ಮೇಲೆಯೇ ತಣ್ಣಗಾದಳು.

ಮಲಗಿಸಿಯೇ ಉಣಿಸಿದ್ದನ್ನು ಹುಡುಗಿ ಒಪ್ಪಿಕೊಂಡಾಗ, ಸಂಸ್ಥೆಯ ಹಿರಿಯರು ಆಫೀಸಿನ ಕೋಣೆಯಲ್ಲಿ ಸೇರಿ ಅನ್ನದಾನಮ್ಮನನ್ನು ಕೆಲಸದಿಂದ ಬಿಡಿಸಬೇಕೆಂದರು. ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿತ್ತು. ಎಂದೂ ಆ ಕೋಣೆಯೊಳಗೆ ಹೋಗದ ಗಾದೆಮ್ಮ ಅಂದು ಹೋಗಿ ನಿಂತರು.

“ಆಕಿ ತಿಳೀದ ಮಾಡ್ಯಾಳ. ನಾನು ತಿಳಿದಾಕಿ, ಹೇಳದ ಹೋದೆ. ಬಿಡಿಸೋದಾದ್ರ ನನ್ನ ಬಿಡಿಸ್ರಿ.”

ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ ಉಸ್ಮಾನ್ ಸಾಬರು ಎದ್ದರು. “ಆರು ವರ್ಷ ನನ್ನ ಹೇಣ್ತಿ ಬೆನ್ನಾಗ ಒಂದು ಗಾಯ ಕಂಡಿಲ್ರಿ. ಈ ತಂಗ್ಯವ್ವನ್ನ ಬಿಡಿಸಬ್ಯಾಡ್ರಿ. ಆ ಕೂಸಿಗೂ ಇಕಿನ ಕಲಿಸ್ಲಿ. ಇನ್ನೊಬ್ಬರ ಮನಿಯಾಕಿನ್ನಾರ ಉಳಸ್ತಾರ.” ಅಷ್ಟು ಹೇಳಿ ಹೆಂಡತಿಯ ಬಾಚಣಿಗೆ, ಒಂದು ಚಾದರ ಕಂಕುಳಲ್ಲಿಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆದರು. ಅವರು ಮತ್ತೆ ಈ ಕಡೆ ಬಂದಿಲ್ಲ.

ಅಂದಿನಿಂದ ಹೊಸಬರು ಯಾರೇ ಬರಲಿ, ಮೊದಲ ಹದಿನೈದು ದಿನ ಗಾದೆಮ್ಮನ ಜೊತೆಗೇ ಇರಬೇಕು. ಮೊದಲ ಪಾಠಕ್ಕೆ ಹೊಸಬರನ್ನೇ ಮಂಚದ ಮೇಲೆ ಅಂಗಾತ ಮಲಗಿಸಿ, ಕದಲದೆ ಇರಲು ಹೇಳಿ, ಒಂದು ಚಮಚ ನೀರು ಬಾಯಿಗೆ ಹಿಡಿಯುತ್ತಾರೆ. ಹೇಗಾಗುತ್ತದೆಂದು ಅವರಿಗೇ ತಿಳಿಯಲಿ ಎಂದು. ಕೈ ತೊಳೆಯುವುದು, ಮೈಯ ಮಡಿಕೆಗಳಲ್ಲಿ ತೇವ ಉಳಿಯದಂತೆ ಒರೆಸುವುದು, ನೀರು ಕಡಿಮೆ ಕುಡಿದವರ, ಉಚ್ಚೆ ಕೆಂಪಾದವರ ಸುದ್ದಿಯನ್ನು ಆ ಕ್ಷಣವೇ ಸಿಸ್ಟರಿಗೆ ಮುಟ್ಟಿಸುವುದು, ಎಲ್ಲವೂ ಆಮೇಲೆ. ಅನ್ನದಾನಮ್ಮ ಈಗ ರಾತ್ರಿ ಪಾಳಿಯ ಹಿರಿಯಳು. ಅವಳು ನಗುವುದು ಕಡಿಮೆ. ಉಣಿಸುವಾಗ ಅವಳ ಕಣ್ಣು ಎದುರಿನವರ ಗಂಟಲು ಬಿಟ್ಟು ಆಚೀಚೆ ಹೋಗುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಗಾದೆಮ್ಮ ಪಕ್ಕದ ಮಂಚದ ದಿಂಬು ಸರಿಪಡಿಸುತ್ತಾ ಹೇಳುತ್ತಾರೆ. “ನಮ್ಮಂಥ ಆಯಾಗೋಳಿಗೆ ಒಂದು ಪುಸ್ತಕ ಬರೀಬೇಕ್ರಿ, ದೊಡ್ಡ ದೊಡ್ಡ ಅಕ್ಷರದಾಗ. ನನಗ ಓದಾಕ ಬರಂಗಿಲ್ಲ ಖರೆ. ಬರೋರು ಓದಿ ಹೇಳ್ತಾರಲ್ಲ.” ಮತ್ತೆ ನೆನಪಾದವರಂತೆ, ಹನ್ನೊಂದು ಮಂಚಗಳ ಕಡೆ ಕೈ ತೋರುತ್ತಾರೆ.

“ವರ್ಷಾಗಾಕ ಬಂತು, ಒಬ್ಬರ ಮೈಮ್ಯಾಗೂ ಹುಣ್ಣಿಲ್ಲ. ಬೇಕಾದ್ರ ಚಾದರ ಸರಿಸಿ ನೋಡ್ರಿ.” ಒಂದು ಹೆಜ್ಜೆ ಮುಂದಿಟ್ಟವರು ತಡೆದು ನಿಲ್ಲುತ್ತಾರೆ. “ಬ್ಯಾಡ ಬಿಡ್ರಿ. ಅವರಿಗೆ ನಾಚಿಕಿ ಆಗ್ತೈತಿ. ನನ್ನ ಮಾತು ನಂಬ್ರಿ.”