ಭಾವನ ಜಪಾನಿ ಕಾಡು

ನಮ್ಮ ಭಾವ ನಕ್ಕರೆ ಮೊದಲು ಹೊಟ್ಟೆ ಕುಣಿಯುತ್ತಿತ್ತು, ಆಮೇಲೆ ಎದೆಯ ಮೇಲಿನ ಬೆಳ್ಳಿ ಕರಡಿಗೆ, ಎಲ್ಲಕ್ಕಿಂತ ಕೊನೆಗೆ ಮೀಸೆ. ಸದ್ದು ಬರುವ ಹೊತ್ತಿಗೆ ಎದುರಿದ್ದವರೆಲ್ಲ ಆಗಲೇ ನಗುತ್ತಿದ್ದರು.

ಹರವೆ ಊರಿನವರು. ಹುಡುಗಾಟದ ವಯಸ್ಸಿನಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು ಮಲಯ ದೇಶಕ್ಕೆ ಹೋಗಿದ್ದರು. ಯುದ್ಧದ ಕಾಲದಲ್ಲಿ ಅಲ್ಲಿನ ಮರದ ಡಿಪೋದಲ್ಲಿ ಜಪಾನಿಯರ ಕೈಕೆಳಗೆ ದುಡಿದು, ಭಾಷೆ ಕಲಿತು ಬಂದು, ಅಕ್ಕನನ್ನು ಮದುವೆಯಾಗಿ ಗುಂಡ್ಲುಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟರು. ಸೀರೆ ಮಡಿಕೆ ಬಿಚ್ಚುವಾಗಲೂ ಜಪಾನಿ ಉದುರುತ್ತಿತ್ತು. ಅದು ನಿಜವಾದ ಜಪಾನಿಯೋ, ಬಾಯಿಗೆ ಬಂದದ್ದೋ, ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಅಕ್ಕನನ್ನು ಬಿಡುತ್ತಿರಲಿಲ್ಲ. "ನಿನ್ ಗಂಡ ಇವತ್ತು ಎತ್ತಿನ ಜೊತೆ ಜಪಾನಿ ಮಾತಾಡ್ತಿದ್ರು ಕಣಮ್ಮಿ!" ಅಕ್ಕ ನಗುತ್ತಲೇ ಕೊಡ ಎತ್ತಿಕೊಂಡು ಬಂದು, ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಐವತ್ತರ ದಶಕದ ನಡುವೆ ಒಮ್ಮೆ ಮರಗಳ ಬಗ್ಗೆ ಓದಿದ ಜಪಾನಿನ ಪ್ರೊಫೆಸರೊಬ್ಬರು ಮದ್ದೂರು ಕಾಡು ನೋಡಲು ಬಂದರು. ದುಭಾಷಿ ಬೇಕೆಂದು ರೇಂಜರ್ ಸಾಹೇಬರು ಭಾವನಿಗೆ ಜೀಪು ಕಳಿಸಿದರು. ಭಾವನ ಬಂಡವಾಳ ಬಯಲಾಗುವುದನ್ನು ನೋಡಲು ಅರ್ಧ ಬಜಾರು ಲಾರಿ ಹತ್ತಿತು. ಚಾಮರಾಜನಗರದ ಸ್ಕೂಲಿನಲ್ಲಿ ಮೇಡಂ ಆಗಿದ್ದ ನಾನು ರಜೆಗೆ ಬಂದಿದ್ದೆ. "ನೀನೂ ಬಾ ಕಣಮ್ಮಿ. ನಿಜ್ವೋ ಸುಳ್ಳೋ ಇವತ್ತು ಗೊತ್ತಾಗ್ಬುಡ್ಲಿ" ಎಂದಳು ಅಕ್ಕ.

ಕಾಡಿನ ಅಂಚಿನಲ್ಲಿ ನಮಸ್ಕಾರ, ಕುಶಲ ಎಲ್ಲ ಸಲೀಸಾಗಿ ಆಯಿತು. ಆಮೇಲೆ ರೇಂಜರ್ ಕೈ ಬೀಸಿ, "ಇದೆಲ್ಲ ನಮ್ಮ ಕಾಡು ಅಂತ ಹೇಳಿ" ಎಂದರು. ಭಾವ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು.

"ಸಿಕ್ಕಾಕೊಂಡ ಕಣ್ಲಾ!" ಎಂದಿತು ಲಾರಿಯ ಕಡೆಯ ಒಂದು ದನಿ. ಅಕ್ಕನ ಉಗುರು ನನ್ನ ತೋಳಿಗೆ ಇಳಿಯಿತು.

ಭಾವ ಯಾವ ಆತುರವೂ ಇಲ್ಲದೆ ತಿರುಗಿ, ಸೌದೆ ಹೊತ್ತು ನಿಂತಿದ್ದ ಅಜ್ಜಿಯನ್ನು ಕೇಳಿದರು: "ಸೊಪ್ಪು ಹಾಕೋ ಕಲ್ಲು ಎಲ್ಲದೆ ಅಜ್ಜಿ?"

ನಮ್ಮ ಕಡೆ ಒಳಕಾಡಿಗೆ ಕಾಲಿಡುವ ಮೊದಲು ಒಂದು ಕಲ್ಲಿನ ಮೇಲೆ ಸೊಪ್ಪಿನ ಕುಡಿ ಇಟ್ಟು ಅಪ್ಪಣೆ ಕೇಳುತ್ತಾರೆ. ಕಲ್ಲಿನಿಂದೀಚೆ ಆಡು ಮೇಯುತ್ತದೆ, ಸೌದೆ ಮುರಿಯುತ್ತಾರೆ, ಅಲ್ಲಿಗೆ ಯಾರ ಅಪ್ಪಣೆಯೂ ಬೇಡ.

"ಅಗೋ, ಆ ಮತ್ತಿಮರದ ಬುಡದಾಗೆ" ಎಂದಳು ಅಜ್ಜಿ.

ಭಾವ ಪ್ರೊಫೆಸರರನ್ನು ಅಲ್ಲಿಯವರೆಗೂ ನಡೆಸಿಕೊಂಡು ಹೋದರು. ಈಚೆಯ ಮರಗಳನ್ನು ತೋರಿಸಿ "ಹಯಾಶಿ" ಎಂದರು. ಕುಡಿಯೊಂದನ್ನು ಚಿವುಟಿ ಕಲ್ಲಿನ ಮೇಲಿಟ್ಟು, ಕೈಮುಗಿದು, ಆಚೆಯ ಕತ್ತಲನ್ನು ತೋರಿಸಿ "ಮೋರಿ" ಎಂದರು. ಊರಿನ ಚರಂಡಿ ನೆನಪಾಗಿ ನಮ್ಮವರು ಕಿಸಕ್ಕೆಂದರು. ಪ್ರೊಫೆಸರು ಮಾತ್ರ ಟೋಪಿ ತೆಗೆದು, ಸೊಂಟ ಬಗ್ಗಿಸಿ ಕಾಡಿಗೆ ನಮಿಸಿದರು. ತಾವೂ ಒಂದು ಕುಡಿ ಚಿವುಟಿ ಇಟ್ಟರು. ಆಮೇಲೆ ಭಾವನ ಎರಡೂ ಕೈ ಹಿಡಿದು ಏನೇನೋ ಹೇಳತೊಡಗಿದರು. ಭಾವ ಉತ್ತರ ಕೊಟ್ಟರು. ಅವರು ಮತ್ತೆ ಹೇಳಿದರು. ಇಬ್ಬರೂ ಗಹಗಹಿಸಿ ನಕ್ಕರು.

"ಏನಂದ್ರು?" ಎಂದರು ರೇಂಜರ್.

"ಅವ್ರೂರಲ್ಲೂ ದೇವ್ರ ಗುಡಿ ಸುತ್ತ ಇಂಥದೇ ಒಂದು ಕಾಡದೆಯಂತೆ, ಬಗ್ಗಿ ನಮಸ್ಕಾರ ಮಾಡೇ ಒಳಕ್ಕೆ ಓಗೋದಂತೆ. ಜನ ಬೆಳೆಸಿ ಬಳಸೋ ಮರಕ್ಕೆ ಅವ್ರ ಭಾಷೇಲಿ ಒಂದು ಮಾತು ಸ್ವಾಮಿ, ಈ ಕಾಡಿಗೇ ಬೇರೆ ಮಾತು. ನೋಡ್ದೆ ಹೇಳ್ಬುಟ್ರೆ ಸುಳ್ಳಾಯ್ತದೆ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಮುಂದೆ ನಿಂತಳು. "ಎಲ್ಲಿ, ಈಗ ನಗಿ ನೋಡನ!" ಎಂದು ತಾನೇ ನಕ್ಕಳು, ಬಿದ್ದು ಬಿದ್ದು ನಕ್ಕಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಭಾವ ತೀರಿಕೊಂಡು ಬಹಳ ವರ್ಷಗಳಾದವು. ನಾನು ನಿವೃತ್ತಿಯವರೆಗೂ ಪಾಠ ಹೇಳಿಕೊಂಡೇ ಇದ್ದೆ. ಪ್ರಶ್ನೆ ಕೇಳಿದಾಗ ಯಾವುದಾದರೂ ಮಗು ಬಾಯಿ ತೆರೆದು, ಮುಚ್ಚಿ, ಸುಮ್ಮನೆ ನಿಂತರೆ ನಾನು ಎಂದೂ ಕೂರಿಸಲಿಲ್ಲ. ಉಳಿದವರು ನಗದಂತೆ ನೋಡಿಕೊಂಡು ಕಾಯುತ್ತಿದ್ದೆ. ಎಷ್ಟೋ ಮಕ್ಕಳು ಆಮೇಲೆ ಉತ್ತರ ಹೇಳಿದರು, ಭಾವ, ಸರಿಯಾಗಿಯೇ ಹೇಳಿದರು.